ಹಾಸ್ಯ ಮಾಸಪತ್ರಿಕೆಗಳು ನಾಲ್ಕೈದು ಸಂಚಿಕೆಗೇ ನಿಲ್ಲುವುದು ಯಾಕೆ? ಬದಿಯಡ್ಕದಿಂದ ಒಂದು ಶುರು ಮಾಡಬಹುದೆ?

ನೀವು ಕೇಳಿದ್ದು ಇಷ್ಟು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಾಲ್ವರು ಗೆಳೆಯರು ಸೇರಿ ಹಾಸ್ಯಕ್ಕೇ ಮೀಸಲಾದ ಕನ್ನಡ ಮಾಸಪತ್ರಿಕೆ ತರಬೇಕೆಂದಿದ್ದೀರಿ. 64 ಪುಟ, 500 ಪ್ರತಿ. ಯಾರ ಹತ್ತಿರ ಹೇಳಿದರೂ "ನಾಲ್ಕು ಸಂಚಿಕೆ, ಮತ್ತೆ ಬಾಗಿಲು" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಕಾರಣ ಮಾತ್ರ ತಪ್ಪು ಹೇಳುತ್ತಾರೆ. ಓದುಗರಿಲ್ಲ, ಮೊಬೈಲು ಬಂತು, ಕಾಸರಗೋಡಿನಲ್ಲಿ ಕನ್ನಡ ಕಡಿಮೆಯಾಯಿತು ಎಂಬುದೆಲ್ಲ ಆಮೇಲಿನ ಮಾತು. ಹಾಸ್ಯ ಪತ್ರಿಕೆಗೆ ಮೊದಲು ಖಾಲಿಯಾಗುವುದು ಸರಕು. ತಿಂಗಳಿಗೊಮ್ಮೆ ತರುತ್ತೇವೆಂಬ ಹಟದಲ್ಲೇ ಅದರ ರೋಗ ಇರುವುದು.

ಲೆಕ್ಕ ಹಾಕಿ ನೋಡಿ. ಡೆಮಿ ಅಷ್ಟದಳದ, ಅಂದರೆ ಸಾಮಾನ್ಯ ಕಾದಂಬರಿ ಪುಸ್ತಕದ ಅಳತೆಯ, ಒಂದು ಪುಟದಲ್ಲಿ 12 ಪಾಯಿಂಟ್ ಅಕ್ಷರಕ್ಕೆ ಸುಮಾರು 220 ಪದ ಹಿಡಿಯುತ್ತದೆ. ಹತ್ತು ಪುಟ ಜಾಹೀರಾತಿಗೆ, ಹದಿನೆಂಟು ಪುಟ ವ್ಯಂಗ್ಯಚಿತ್ರ, ಚುಟುಕ, ಓದುಗರ ಪತ್ರಕ್ಕೆ ಬಿಟ್ಟರೂ 36 ಪುಟ ಉಳಿಯಿತು. ಅಂದರೆ ಸಾವಿರ ಪದದ ಎಂಟು ಲೇಖನ. ವರ್ಷಕ್ಕೆ 96. ಹಾಸ್ಯ ಬರೆಯುವ ಹೊಸಬರಲ್ಲಿ ವರ್ಷಗಟ್ಟಲೆ ಮನಸ್ಸಿನಲ್ಲಿ ಮಾಗಿದ ಐದಾರು ಒಳ್ಳೆಯ ವಿಷಯ ಇರುತ್ತವೆ. ನಿಮ್ಮ ನಾಲ್ವರದ್ದು, ಪರಿಚಯದವರದ್ದು ಸೇರಿ ಮೊದಲ ಮೂರು ಸಂಚಿಕೆಗೆ ಅವೆಲ್ಲ ಹೋದವು. ನಾಲ್ಕನೆಯದಕ್ಕೆ ವಾಟ್ಸ್ಆ್ಯಪ್ ಜೋಕು ಬರುತ್ತದೆ, ಐದನೆಯದಕ್ಕೆ ಗಂಡ-ಹೆಂಡತಿ ಜೋಕು. ಮಾಮೂಲಿ ಪತ್ರಿಕೆಯಲ್ಲಿ ಒಂದು ಲೇಖನ ಸಪ್ಪೆಯಾದರೆ ಮಾಹಿತಿಯಾದರೂ ಸಿಕ್ಕಿತು ಎಂದು ಓದುಗ ಸುಮ್ಮನಾಗುತ್ತಾನೆ. ನಗಿಸದ ಹಾಸ್ಯಕ್ಕೆ ಆ ರಿಯಾಯಿತಿ ಇಲ್ಲ. ಅದು ಕಿರಿಕಿರಿ.

ಕನ್ನಡದ ಹಾಸ್ಯ ಮಾಸಪತ್ರಿಕೆ 'ಕೊರವಂಜಿ' 1942ರಿಂದ 1967ರವರೆಗೆ ನಡೆಯಿತಲ್ಲ ಎಂದು ನೀವು ಕೇಳಬಹುದು. ಅದು ಬಾಳಿದ್ದಕ್ಕೆ ಎರಡು ಕಾರಣ ಎದ್ದು ಕಾಣುತ್ತವೆ. ಸಂಪಾದಕ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಪತ್ರಿಕೆಯೇ ಅವರ ಅನ್ನವಾಗಿರಲಿಲ್ಲ. ಎರಡನೆಯದಾಗಿ, ನಾ. ಕಸ್ತೂರಿ, ಟಿ. ಸುನಂದಮ್ಮ ಅವರಂಥ ಬರಹಗಾರರು, ಆಗಿನ್ನೂ ಎಳೆಯರಾಗಿದ್ದ ಆರ್.ಕೆ. ಲಕ್ಷ್ಮಣ್ ಅವರ ಗೆರೆ, ಹೀಗೆ ದೊಡ್ಡ ಬಳಗವೇ ಇತ್ತು. ಅಷ್ಟಿದ್ದೂ 25 ವರ್ಷಕ್ಕೆ ನಿಂತಿತು. 1841ರಲ್ಲಿ ಹುಟ್ಟಿದ ಲಂಡನ್ನಿನ ಹಾಸ್ಯ ಪತ್ರಿಕೆ 'ಪಂಚ್' 1992ರಲ್ಲಿ ನಿಂತಿತು. 1996ರಲ್ಲಿ ಹಣವಂತರೊಬ್ಬರು ಎಬ್ಬಿಸಿ ಕೂರಿಸಿದರೂ 2002ರಲ್ಲಿ ಮತ್ತೆ ಮಲಗಿತು. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆಯವರ 'ಶಂಕರ್ಸ್ ವೀಕ್ಲಿ' 1948ರಿಂದ 1975ರವರೆಗೆ, ತುರ್ತು ಪರಿಸ್ಥಿತಿ ಬಂದ ವರ್ಷದವರೆಗೆ. ತಮಿಳಿನ 'ಆನಂದ ವಿಕಟನ್' ಮಾತ್ರ ಉಳಿಯಿತು. ಹೇಗೆ? 1926ರಲ್ಲಿ ಹಾಸ್ಯಕ್ಕೆಂದು ಹೊರಟದ್ದು ಕತೆ, ಧಾರಾವಾಹಿ, ಸಿನಿಮಾ ಎಲ್ಲ ಸೇರಿಸಿಕೊಂಡು ಮನೆಮಂದಿಯ ವಾರಪತ್ರಿಕೆಯಾಯಿತು. ಬರೀ ಉಪ್ಪಿನಕಾಯಿ ಬಡಿಸುವುದನ್ನು ಬಿಟ್ಟು ಊಟಕ್ಕೇ ಎಲೆ ಹಾಕಿದ ಹಾಗೆ.

ಈಗ ದುಡ್ಡು. ಕೆಳಗಿನ ರೂಪಾಯಿಗಳು ಮಾದರಿಗೆ ಮಾತ್ರ, ನಿಮ್ಮ ಪ್ರೆಸ್ಸಿನ ಕೊಟೇಶನ್ ಹಾಕಿ ತಿದ್ದಿಕೊಳ್ಳಿ. 500 ಪ್ರತಿಗೆ ತಲಾ 35 ಬಿದ್ದರೆ ಖರ್ಚು 17,500. ಬೆಲೆ 40 ಇಟ್ಟಿರಿ. ಚಂದಾದಾರರು 180 ಮಂದಿ, 7,200 ಬಂತು. ಅಂಗಡಿಗೆ 270 ಕೊಟ್ಟಿರಿ, ಅರ್ಧ ಮರಳಿ ಬಂತು, ಏಜೆಂಟರ ಶೇ. 30 ಕಳೆದು 135 ಪ್ರತಿಗೆ ತಲಾ 28ರಂತೆ 3,780. ಉಳಿದ 50 ಗೌರವ ಪ್ರತಿ. ನಮ್ಮ ಕಡೆ ಓದುಗರೆಲ್ಲ ಬರಹಗಾರರೇ ಆದ್ದರಿಂದ ಈ 50 ಬೇಗ 80 ಆಗುತ್ತದೆ, ಅದು ಬೇರೆ ಸಂಗತಿ. ಒಟ್ಟು ಬಂದದ್ದು 10,980. ಅಂಚೆ, ಕಲಾವಿದರ ಸಂಭಾವನೆ ಸೇರಿಸುವ ಮೊದಲೇ ತಿಂಗಳಿಗೆ 6,520 ಕೊರತೆ.

ಆದರೂ ಮೊದಲ ಮೂರು ತಿಂಗಳು ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷದ ಚಂದಾ ಒಟ್ಟಿಗೆ ಬಂದು ಕೈಯಲ್ಲಿ ದುಡ್ಡು ಓಡಾಡುತ್ತಿರುತ್ತದೆ. ಆ ಹಣ ನಿಮ್ಮದಲ್ಲ, ಇನ್ನೂ ಕೊಡದ ಹನ್ನೊಂದು ಸಂಚಿಕೆಯ ಸಾಲ. ಚಂದಾಕ್ಕೆ ಬೇರೆಯೇ ಖಾತೆ ತೆರೆದು ಪ್ರತಿ ಸಂಚಿಕೆ ಹೊರಬಂದ ಮೇಲೆ ಹನ್ನೆರಡರಲ್ಲೊಂದು ಪಾಲು ಮಾತ್ರ ತೆಗೆಯಿರಿ. ಆಜೀವ ಸದಸ್ಯತ್ವದ ಆಸೆಗಂತೂ ಬೀಳಲೇಬೇಡಿ. ಪತ್ರಿಕೆಯ ಜೀವವೇ ಗ್ಯಾರಂಟಿಯಿಲ್ಲದಾಗ ಓದುಗರ ಜೀವಮಾನಕ್ಕೆ ಒಪ್ಪಂದ ಯಾಕೆ?

ಹಾಗಾದರೆ ಜಾಹೀರಾತು? ಚಿಕ್ಕ ಊರಿನಲ್ಲಿ ತೊಡಕು ಇರುವುದೇ ಅಲ್ಲಿ. ಸಹಕಾರಿ ಬ್ಯಾಂಕು, ಜವಳಿ ಅಂಗಡಿ, ಕಲ್ಯಾಣಮಂಟಪ ಜಾಹೀರಾತು ಕೊಡುತ್ತವೆ. ಕುಶಾಲಿಗೆ ಒದಗುವವರೂ ಅವರ ಅಧ್ಯಕ್ಷರು, ಮಾಲಕರೇ. ಹೆಸರು ಹಾಕದಿದ್ದರೂ ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲರಿಗೂ ಯಾರೆಂದು ಗೊತ್ತಾಗುತ್ತದೆ. ಒಂದು ಜಾಹೀರಾತು ಹೋಯಿತು ಎಂದು ಮುಂದಿನ ಸಂಚಿಕೆಗೆ ಮೊನೆ ಕಡಿಮೆ ಮಾಡುತ್ತೀರಿ. ಅಲ್ಲಿಂದ ಪತ್ರಿಕೆ ನೀರಾಗುತ್ತದೆ. ಕಾನೂನಿನ ಬದಿಯೂ ಉಂಟು: ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತಂದರೆ 299ನೇ ಕಲಂ. ಕೇಸು ಬಿದ್ದರೆ ಸಂಪಾದಕನೆಂದು ಹೆಸರು ಅಚ್ಚಾದವನೇ ಓಡಾಡಬೇಕು.

ಬರಹ ಆರಿಸುವಾಗ ಎರಡು ವಿಷಯ ನೋಡಿ. ಮುದ್ರಣಕ್ಕೂ ಹಂಚಿಕೆಗೂ ಇಪ್ಪತ್ತು ದಿನ ಬೇಕಾದ ಪತ್ರಿಕೆಯಲ್ಲಿ ಸುದ್ದಿಯ ಮೇಲಿನ ಹಾಸ್ಯ ಹಳಸಿಯೇ ಬರುತ್ತದೆ. ಟ್ರೋಲ್ ಪುಟದವರು ಅದನ್ನು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿರುತ್ತಾರೆ. ನಿಮಗೆ ಉಳಿಯುವುದು ಜನ, ಮನೆ, ಊರು: ದೇವಸ್ಥಾನದ ಬ್ರಹ್ಮಕಲಶದ ಸಮಿತಿ ಸಭೆ, ಬರೀ ಮಲೆಯಾಳದಲ್ಲಿರುವ ಅರ್ಜಿ ಹಿಡಿದು ವಿಲ್ಲೇಜ್ ಆಫೀಸಿಗೆ ಹೋದ ಅಜ್ಜ, ಒಂದೇ ವಾಕ್ಯದಲ್ಲಿ ತುಳು, ಹವ್ಯಕ, ಮಲೆಯಾಳ ಮೂರೂ ಬರುವ ಮದುವೆ ಮಾತುಕತೆ. ಎರಡನೆಯದು, ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಸಭೆಯನ್ನೇ ನಗಿಸುವ ಅರ್ಥಧಾರಿಗಳ ಮಾತನ್ನು ರೆಕಾರ್ಡ್ ಮಾಡಿ ಹಾಗೆಯೇ ಅಚ್ಚಿಗೆ ಹಾಕಬೇಡಿ. ಎದುರಿನವರ ಮಾತಿಗೆ ತಕ್ಷಣ ಕೊಟ್ಟ ಏಟು ಅದು; ಧ್ವನಿಯೂ ನಿಲುಗಡೆಯೂ ಇಲ್ಲದೆ ಕಾಗದದಲ್ಲಿ ಸತ್ತು ಬಿದ್ದಿರುತ್ತದೆ.

ಪುಟ ಕಟ್ಟುವಾಗಿನ ತಪ್ಪುಗಳೂ ನಗುವನ್ನು ಕೊಲ್ಲುತ್ತವೆ. ಬರಹಗಾರರು ಯೂನಿಕೋಡ್‌ನಲ್ಲಿ ಕಳಿಸುತ್ತಾರೆ, ಪ್ರೆಸ್ಸಿನವರು ಇನ್ನೂ ಹಳೆಯ ನುಡಿ ಅಕ್ಷರಕ್ಕೆ ಪರಿವರ್ತಿಸಿ ಪೇಜ್‌ಮೇಕರ್‌ಗೆ ಹಾಕಿದರೆ ಅರ್ಕಾವತ್ತು, ಉದ್ಧರಣ ಚಿಹ್ನೆ ಅಡಿಮೇಲಾಗುತ್ತವೆ. ಪರಿವರ್ತನೆ ಆದ ಮೇಲೆಯೇ ಕರಡು ತಿದ್ದಿ. ವ್ಯಂಗ್ಯಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ತರಿಸಿಕೊಂಡರೆ ಗೆರೆ ಮಸುಕಾಗುತ್ತದೆ. ಕಪ್ಪು ಗೆರೆಯ ಚಿತ್ರವಾದರೆ 1200 ಡಿಪಿಐಗೆ ಸ್ಕ್ಯಾನ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಲೇಖನದ ಕೊನೆಯ ಎರಡು ಸಾಲನ್ನು "58ನೇ ಪುಟಕ್ಕೆ" ಎಂದು ಎಂದೂ ಒಯ್ಯಬೇಡಿ. ಜಾಗ ಸಾಲದಿದ್ದರೆ ನಡುವೆ ಕತ್ತರಿಸಿ.

ಕಾಗದದಲ್ಲಿ ಒಂದು ಸೂಕ್ಷ್ಮ ಉಂಟು. ಡೆಮಿ ಅಷ್ಟದಳದ 64 ಪುಟವೆಂದರೆ 16 ಪುಟದ ನಾಲ್ಕು ಫಾರಂ, ಒಂದು ದೊಡ್ಡ ಹಾಳೆ ಮಡಚಿದರೆ ಒಂದು ಫಾರಂ. 500 ಪ್ರತಿಗೆ 2,000 ಹಾಳೆ, ಅಂದರೆ ನಾಲ್ಕು ರೀಮು, ಹಾಳಾಗುವುದಕ್ಕೆ ಸ್ವಲ್ಪ ಹೆಚ್ಚು. ಒಳಗೆ 70 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್‌ಲಿಥೊ ಕಾಗದ, 170 ಜಿಎಸ್ಎಂ ಹೊದಿಕೆ ಹಾಕಿದರೆ ಒಂದು ಪ್ರತಿ ಸುಮಾರು 78 ಗ್ರಾಂ ತೂಗುತ್ತದೆ. ಚಂದ ಕಾಣಲೆಂದು ಒಳಗೂ 100 ಜಿಎಸ್ಎಂ ಹಾಕಿದರೆ ಸುಮಾರು 107 ಗ್ರಾಂ ಆಗಿ 100 ಗ್ರಾಂ ಗೆರೆ ದಾಟಿತು. ಅಂಚೆಯಲ್ಲಿ ತೂಕದ ಮುಂದಿನ ಹಂತಕ್ಕೆ ಹೋಯಿತು.

ಮಾಸಪತ್ರಿಕೆಯೇ ಬೇಕೆಂದರೆ ನೋಂದಣಿ ಮಾಡಿಸಬೇಕು. 2023ರ ಪತ್ರಿಕಾ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ಅರ್ಜಿ ಪ್ರೆಸ್ ಸೇವಾ ಪೋರ್ಟಲಿನಲ್ಲಿ. ಹೆಸರು ಮೊದಲೇ ಯಾರದ್ದಾದರೂ ಇದ್ದರೆ ಸಿಗುವುದಿಲ್ಲ, ಮೂರ್ನಾಲ್ಕು ಹೆಸರು ಯೋಚಿಸಿಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ವರ್ಷಕ್ಕೊಂದೇ ದೀಪಾವಳಿ ಸಂಚಿಕೆ ಮಾಡಿ. ಮರಾಠಿಯವರ 'ಆವಾಜ್' ನೋಡಿ: 1951ರಲ್ಲಿ ಮಧುಕರ ಪಾಟಕರ್ ಶುರು ಮಾಡಿದ ಹಾಸ್ಯದ ದೀಪಾವಳಿ ಅಂಕ. ಕಾಗದದಲ್ಲಿ ಕಿಟಕಿ ಕೊರೆದು, ಮೇಲೆ ಒಂದು ಕಾಣಿಸಿ ತಿರುಗಿಸಿದರೆ ಇನ್ನೊಂದಾಗುವ ಚಿತ್ರಕ್ಕೆ ಅದು ಹೆಸರುವಾಸಿ. ತಿಂಗಳಿಗೊಮ್ಮೆ ಅಂಥದ್ದು ಯಾರಿಂದಲೂ ಆಗದು. ವರ್ಷಕ್ಕೊಮ್ಮೆಯಾದರೆ 96ರ ಬದಲು 20 ಲೇಖನ ಸಾಕು. 60 ತರಿಸಿ 40 ಬಿಡುವ ಧೈರ್ಯವೂ ಬರುತ್ತದೆ. ಅಂಗಡಿಯವರು ಶುಭಾಶಯದ ಜಾಹೀರಾತು ಕೊಡುವ ಕಾಲವೂ ಅದೇ. ಒಮ್ಮೆ ಕೊಟ್ಟ ಮೇಲೆ ಇನ್ನೊಂದು ವರ್ಷ ಅವರ ಮುಖ ನೋಡಬೇಕಾಗಿಲ್ಲ, ಮೊನೆ ಇಳಿಸಬೇಕಾಗಿಯೂ ಇಲ್ಲ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬರಹ ಕೇಳಿ, ಹಬ್ಬಕ್ಕೆ ಎಂಟು ವಾರ ಇರುವಾಗ ಬರಹ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ನಾಲ್ಕು ವಾರ ಇರುವಾಗ ಪ್ರೆಸ್ಸಿಗೆ ಕೊಡಿ. ಆ ಹೊತ್ತಿಗೆ ಎಲ್ಲ ಪ್ರೆಸ್ಸುಗಳಲ್ಲೂ ವಿಶೇಷಾಂಕದ ನೂಕುನುಗ್ಗಲು, ಆದ್ದರಿಂದ ಆಗಸ್ಟಿನಲ್ಲೇ ಮುಂಗಡ ಕೊಟ್ಟು ದಿನ ಗೊತ್ತುಮಾಡಿಟ್ಟುಕೊಳ್ಳಿ. ಏಜೆಂಟರನ್ನು ನೆಚ್ಚುವ ಬದಲು 500ರಲ್ಲಿ 300 ಪ್ರತಿಯನ್ನು ಮುಂಗಡ ಬುಕಿಂಗಿನಲ್ಲೇ ಮಾರಿ. ಉಳಿದದ್ದನ್ನು ಪುತ್ತೂರು, ವಿಟ್ಲ, ಮಂಗಳೂರಿನ ಪುಸ್ತಕದಂಗಡಿಗೆ ಹತ್ತು ಹತ್ತರಂತೆ ಹಂಚಿ. ದೀಪಾವಳಿಯ ನಂತರ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುತ್ತದೆ. ಬಯಲಾಟದ ಜಾಗದಲ್ಲಿ ಮೇಜು ಹಾಕಲು ಮೊದಲೇ ಸೇವಾಕರ್ತರ, ಅಂದರೆ ಆಟ ಆಡಿಸುವವರ, ಒಪ್ಪಿಗೆ ಕೇಳಿ, ಚಿಲ್ಲರೆಯ ಜೊತೆ ಕ್ಯೂಆರ್ ಕೋಡನ್ನೂ ಇಟ್ಟುಕೊಳ್ಳಿ.