ಮೇಷ್ಟ್ರ ಕೆಮ್ಮು

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗ ಮತ್ತು ಅವನ ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆದದ್ದು.)

ಜನವರಿ ಕೊನೆಯ ವಾರ. ಸಕಲೇಶಪುರದ ಕಡೆಯಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಹಾಸನದಲ್ಲಿ ನಾನು ಕೂರುವ ಸಲಹಾ ಕೇಂದ್ರಕ್ಕೆ ಬಂದರು. ಕಾಫಿ ಕೊಯ್ಲಿನ ಕಾಲ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಹುಡುಗ ಎಸ್ಸೆಸ್ಸೆಲ್ಸಿ. ಅವನನ್ನು ಇಲ್ಲಿ ಕಿರಣ ಎಂದು ಕರೆಯುತ್ತೇನೆ.

"ಪರೀಕ್ಷೆಗೆ ಬರಿಯೋರ್ನ ಕೊಡ್ತೀವಿ ಅಂದವ್ರೆ ಇಸ್ಕೂಲಲ್ಲಿ. ಟೈಮೂ ಜಾಸ್ತಿ ಕೊಡ್ತಾರಂತೆ. ಇವ್ನು ನೋಡಿದ್ರೆ ಬ್ಯಾಡ ಅಂತಾನೆ ಮೇಡಂ. ನಾನೇ ಬರಿತೀನಿ, ಫೇಲಾದ್ರೆ ಆಯ್ತೀನಿ ಅಂತಾನೆ. ನೀವಾರೂ ಬುದ್ಧಿ ಹೇಳಿ."

ಮೊದಲ ತಪ್ಪು ನಾನೇ ಮಾಡಿದೆ. ಹೊಸಬರು ಬಂದರೆ ತುಂಬಿಸಿಕೊಳ್ಳುವ ಎರಡು ಪುಟದ ಫಾರಂ ಒಂದಿದೆ. ಅಭ್ಯಾಸಬಲದಲ್ಲಿ ಅದನ್ನು ಹುಡುಗನ ಮುಂದೆಯೇ ಇಟ್ಟು, ಪೆನ್ನನ್ನೂ ಕೊಟ್ಟೆ. ಓದಲು ತಿಣುಕುವ ಮಗುವಿಗೆ ಬಾಗಿಲಲ್ಲೇ ಒಂದು ಪರೀಕ್ಷೆ ಇಟ್ಟ ಹಾಗಾಯಿತು. ಅವನು ಹಾಳೆಯನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ತಾಯಿಯ ಕಡೆ ಸರಿಸಿದ. ಆಕೆಗೂ ಓದು ಅಷ್ಟಕ್ಕಷ್ಟೆ. "ಬಿಡಿ, ನಾನೇ ಕೇಳಿ ಬರೆದುಕೊಳ್ತೀನಿ" ಎಂದು ಫಾರಂ ವಾಪಸ್ ತೆಗೆದುಕೊಂಡೆ. ಆಗ ಹುಡುಗ ಸಣ್ಣಗೆ ನಕ್ಕ. ಮಾತು ಶುರುವಾದದ್ದು ಆ ನಗುವಿನಿಂದ.

ಕಿರಣನಿಗೆ ಇರುವುದು ಡಿಸ್‌ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ತೊಡಕಾಗುವ ಕಲಿಕೆಯ ತೊಂದರೆ. ಎಂಟನೇ ತರಗತಿಯಲ್ಲಿದ್ದಾಗ ಒಬ್ಬ ಟೀಚರಮ್ಮ ಗಮನಿಸಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸಿ ಪರೀಕ್ಷೆ ಮಾಡಿಸಿದ್ದರು. ಇಂಗ್ಲಿಷಿನಲ್ಲಿ ಬಿ, ಡಿ ಅದಲುಬದಲಾಗುವುದನ್ನು ಎಲ್ಲರೂ ಕೇಳಿರುತ್ತಾರೆ. ಕನ್ನಡದಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಒತ್ತಕ್ಷರ ಬಿದ್ದುಹೋಗುತ್ತದೆ, 'ಕತ್ತೆ' ಹೋಗಿ 'ಕತೆ' ಆಗುತ್ತದೆ. ಮ, ವ ಒಂದೇ ಥರ ಕಾಣುತ್ತವೆ, ದೀರ್ಘ ಮರೆತುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಓದು ನಿಧಾನವಾಗುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಹಾರಿಹೋಗಿರುತ್ತದೆ. ನಾನೊಂದು ಗಣಿತದ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿದೆ, ಸಮಾಂತರ ಶ್ರೇಢಿಯದು. ಕಿಟಕಿಯಾಚೆ ನೋಡುತ್ತಲೇ ಉತ್ತರ ಹೇಳಿದ. ಅದೇ ಲೆಕ್ಕವನ್ನು ಮುದ್ರಿಸಿದ ಹಾಳೆಯಲ್ಲಿ ಕೊಟ್ಟೆ. ಐದು ನಿಮಿಷವಾದರೂ ಎರಡನೇ ಸಾಲಿಗೆ ಬಂದಿರಲಿಲ್ಲ.

ಇಂಥ ಹುಡುಗ ಬರೆಯುವವರನ್ನು ಬೇಡ ಎನ್ನುವುದು ಏಕೆ? ನಾಚಿಕೆ ಇರಬಹುದು, ಗೆಳೆಯರು ಆಡಿಕೊಂಡಿರಬಹುದು ಎಂದುಕೊಂಡೆ. ಅದೂ ಇತ್ತು, 'ಬಾಡಿಗೆ ಕೈ' ಎಂದು ಯಾರೋ ಅಡ್ಡಹೆಸರು ಇಟ್ಟಿದ್ದರಂತೆ. ಆದರೆ ಅದನ್ನು ಹೇಳುವಾಗ ಅವನ ಮುಖ ಬದಲಾಗಲಿಲ್ಲ. ಮುಖ ಬದಲಾದದ್ದು ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ಮಾತು ಬಂದಾಗ.

ಅವನಿಗೆ ಬರೆಯಲು ಕೊಟ್ಟದ್ದು ಒಂಬತ್ತನೇ ತರಗತಿಯ ಹುಡುಗನನ್ನು. ಮನು ಎನ್ನೋಣ. ಕೂರಿಸಿದ್ದು ಸ್ಟಾಫ್‌ರೂಮಿನ ಮೂಲೆಯಲ್ಲಿ. ಮೇಲ್ವಿಚಾರಣೆಗೆ ಗಣಿತದ ಮೇಷ್ಟ್ರೇ ಕುಳಿತಿದ್ದರು. ಪಬ್ಲಿಕ್ ಪರೀಕ್ಷೆಯಲ್ಲಿ ಆಯಾ ವಿಷಯದ ಮೇಷ್ಟ್ರನ್ನು ಆ ದಿನ ಕೊಠಡಿಗೆ ಹಾಕುವುದಿಲ್ಲ, ಶಾಲೆಯೊಳಗಿನ ಪರೀಕ್ಷೆಯಲ್ಲಿ ಅಷ್ಟು ನೋಡುವುದಿಲ್ಲ. ವರ್ಗಸಮೀಕರಣ ಬಂತು: ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು. ಕಿರಣ ಮಧ್ಯದ ಪದವನ್ನು ಒಡೆದು "ಪ್ಲಸ್ ಎರಡು ಎಕ್ಸ್, ಪ್ಲಸ್ ಮೂರು ಎಕ್ಸ್" ಎಂದ. ಮೇಷ್ಟ್ರು ಕೆಮ್ಮಿದರು.

"ಮೊದ್ಲು ನಿಜ್ವಾಗ್ಲೂ ಕೆಮ್ಮು ಅನ್ಕೊಂಡೆ ಮೇಡಂ. ಮೈನಸ್ ಅಂದೆ, ನಿಂತೋಯ್ತು. ಆಮೇಲೆ ಗೊತ್ತಾಯ್ತು. ತಪ್ಪು ಹೇಳಿದ್ರೆ ಕೆಮ್ತಾರೆ, ಸರಿ ಹೇಳಿದ್ರೆ ಸುಮ್ನಿರ್ತಾರೆ. ಕೊನೆಕೊನೆಗೆ ನಾನು ಲೆಕ್ಕ ಮಾಡ್ಲೇ ಇಲ್ಲ. ಏನೋ ಒಂದು ಹೇಳೋದು, ಕೆಮ್ಮು ಬಂದ್ರೆ ಬದ್ಲಾಯಿಸೋದು."

80ಕ್ಕೆ 51 ಬಂತು. ಅರ್ಧವಾರ್ಷಿಕದಲ್ಲಿ ಬಂದದ್ದು 19. ಹೆಡ್‌ಮಾಸ್ಟರು ತರಗತಿಗೇ ಬಂದು ಎಲ್ಲರ ಮುಂದೆ ಬೆನ್ನು ತಟ್ಟಿದರಂತೆ. ಅವತ್ತು ರಾತ್ರಿ ಊಟ ಬಿಟ್ಟನೆಂದು ತಾಯಿ ಹೇಳಿದರು. ಆಕೆ ಅದನ್ನು ಖುಷಿ ಹೆಚ್ಚಾಗಿ ಎಂದುಕೊಂಡಿದ್ದರು.

ಅದೇ ವಾರ ಇಂಗ್ಲಿಷ್ ಪರೀಕ್ಷೆಗೆ ಬೇರೊಬ್ಬರು ಮೇಲ್ವಿಚಾರಕರು. ಅವರು ಉಳಿದವರ ಜತೆಗೇ ಇವನ ಉತ್ತರಪತ್ರಿಕೆಯನ್ನೂ ಕಿತ್ತುಕೊಂಡರು, "ಎಲ್ಲರಿಗೂ ಒಂದೇ ರೂಲ್ಸು" ಎಂದು. ಕೇಳಿದಾಗ ನನಗೆ ಸಿಟ್ಟು ಬಂದದ್ದು ಈ ಸಂಗತಿಗೆ. ಹುಡುಗ ಮಾತ್ರ "ಅದು ಪರ್ವಾಗಿಲ್ಲ ಬಿಡಿ, ಅಷ್ಟ್ರೊಳ್ಗೆ ಬರ್ದಿದ್ದು ನಂದೇ ಅಲ್ವಾ" ಎಂದುಬಿಟ್ಟ. ನನ್ನ ಲೆಕ್ಕಾಚಾರ ತಲೆಕೆಳಗಾದದ್ದು ಆ ಮಾತಿಗೆ. ಹೆಚ್ಚು ನೋಯಿಸಿದ್ದು ಕಟ್ಟುನಿಟ್ಟಿನ ಮೇಷ್ಟ್ರಲ್ಲ, ಕರುಣೆಯ ಮೇಷ್ಟ್ರು.

ಇಬ್ಬರದೂ ತಪ್ಪೇ, ಆದರೆ ಎರಡೂ ಒಂದೇ ಜಾತಿಯ ತಪ್ಪಲ್ಲ. ಹೆಚ್ಚುವರಿ ಸಮಯ ಕೊಡದಿರುವುದು ಹಕ್ಕಿನ ಪ್ರಶ್ನೆ. ಅದಕ್ಕೆ ಕಾನೂನಿದೆ, ಕೇಳಿ ಪಡೆಯಬಹುದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಗುರುತಿಸುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್‌ಲೆಕ್ಸಿಯಾ ಅದರೊಳಗೇ ಬರುತ್ತದೆ. ಹೆಚ್ಚುವರಿ ಸಮಯ, ಬರೆಯುವವರ ನೆರವು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದರ 17ನೇ ಸೆಕ್ಷನ್ನಿನಲ್ಲಿ ಹೆಸರು ಹೇಳಿಯೇ ಇವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಲೆಕ್ಕ ಗಂಟೆಗೆ 20 ನಿಮಿಷ, ಅಂದರೆ 3 ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಶಾಲೆಯಲ್ಲಿ ಯಾರೋ ಈ ತಾಯಿಗೆ "ನ್ಯೂನತೆ 40 ಪರ್ಸೆಂಟ್ ಇದ್ರೆ ಮಾತ್ರ" ಎಂದು ಹೆದರಿಸಿದ್ದರಂತೆ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯುವವರ ನೆರವಿಗೆ 40ರ ಗೆರೆ ಅಡ್ಡಬರಬಾರದು ಎಂದು ಹೇಳಿಯಾಗಿದೆ. ಅಲ್ಲಿ ಅರ್ಜಿ ಹಾಕಿದ್ದವರಿಗೆ ಇದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ.

ಕೆಮ್ಮಿಗೆ ಯಾವ ಸೆಕ್ಷನ್ ಹಾಕೋಣ? ಮೇಷ್ಟ್ರ ಮೇಲೆ ದೂರು ಕೊಡುವುದು ಹುಡುಗನಿಗೂ ಬೇಕಿರಲಿಲ್ಲ. "ಅವ್ರು ಒಳ್ಳೇವ್ರು" ಎಂದು ಮೂರು ಸಲ ಹೇಳಿದ. ನಾನು ಅವನಿಗೆ ಹೇಳಿದ್ದು ಇಷ್ಟು: "ನೀನು ಬರೆಯೋರನ್ನ ಬೇಡ ಅಂತಿಲ್ಲ ಕಣೋ, ಕೆಮ್ಮನ್ನ ಬೇಡ ಅಂತಿದೀಯ. ಎರಡನ್ನೂ ಒಟ್ಟಿಗೆ ಬಿಡಬೇಕಾಗಿಲ್ಲ. ಕನ್ನಡಕ ಹಾಕ್ಕೊಂಡು ಓದಿದ್ದು ಕನ್ನಡಕ ಓದಿದ್ದಾಗುತ್ತಾ?" ಕನ್ನಡಕದ ಹೋಲಿಕೆ ಹಳೆಯದೇ, ನಾನೇ ಎಷ್ಟೋ ಸಲ ಬಳಸಿದ್ದೇನೆ. ಅವನು ಒಪ್ಪಲಿಲ್ಲ. "ಕನ್ನಡಕ ಕೆಮ್ಮಲ್ಲ ಮೇಡಂ, ಮನು ಕೆಮ್ಮಿದ್ರೆ?" ಎಂದ. ಸರಿಯಾದ ಪ್ರಶ್ನೆ. ಹಾಗಾದರೆ ಮನುವನ್ನೂ ಕರೆಸೋಣ ಎಂದೆ.

ಅದಕ್ಕೆ ಮೊದಲು ಗಣಿತದ ಮೇಷ್ಟ್ರನ್ನು ಭೇಟಿಯಾದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅವರೇ ಹಾಸನಕ್ಕೆ ಬಂದರು. ಕೆಮ್ಮಿನ ಮಾತೆತ್ತಿದಾಗ ಅಲ್ಲಗಳೆಯಲಿಲ್ಲ. "ನೋಡೋಕಾಗಲ್ಲ ಮೇಡಂ. ಬಾಯಲ್ಲಿ ಕೇಳಿದ್ರೆ ಎಲ್ಲ ಹೇಳ್ತಾನೆ. ಒಂದು ಚಿಹ್ನೆಗೆ ಪೂರ್ತಿ ಲೆಕ್ಕ ಹೋಗುತ್ತಲ್ಲ ಅಂತ ಕರುಳು ಚುರ್ ಅಂತು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ ಹೇಳಿದರು: ಫಲಿತಾಂಶ. 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. ಅದರ ಖುಷಿ ಹಳೆಯದಾದರೂ ಆ ಜಾಗದ ಭಾರ ಮೇಷ್ಟ್ರುಗಳ ಹೆಗಲಿನಿಂದ ಇಳಿದಿಲ್ಲ. ಒಂದೊಂದು ಮಗುವಿನ ಹೆಸರು ಹಿಡಿದು 'ಇದು ಪಾಸಾಗುತ್ತಾ' ಎಂದು ಕೇಳುವ ಸಭೆಗಳು ನಡೆಯುತ್ತವೆ.

ಅವರಿಗೆ ನಾನು ನೀತಿ ಹೇಳಲಿಲ್ಲ, ಲೆಕ್ಕವನ್ನೇ ಹೇಳಿದೆ. "ಸರ್, ಮಾರ್ಚಿನಲ್ಲಿ ಆ ಕೋಣೆಯಲ್ಲಿ ನೀವಿರಲ್ಲ. ಬೇರೆ ಶಾಲೆಯವರು ಇರ್ತಾರೆ, ಕ್ಯಾಮೆರಾ ಇರುತ್ತೆ. ಪ್ಲಸ್ಸೋ ಮೈನಸ್ಸೋ ಅಂತ ಅನುಮಾನ ಬಂದಾಗ ಇವನು ಯಾರ ಕೆಮ್ಮಿಗೆ ಕಾಯಬೇಕು? ಪೂರ್ವಸಿದ್ಧತೆ ಅಂತ ಇಟ್ಟ ಪರೀಕ್ಷೆಯಲ್ಲಿ ಸಿದ್ಧತೆಯೇ ಆಗಲಿಲ್ಲ." ಅವರು ತುಂಬ ಹೊತ್ತು ಮಾತಾಡಲಿಲ್ಲ. ಹೊರಡುವಾಗ "51 ನಾನು ತಗೊಂಡಿದ್ದು ಅನ್ನಿ" ಎಂದರು.

ಮುಂದಿನ ಪೂರ್ವಸಿದ್ಧತಾ ಪರೀಕ್ಷೆಗೆ ಶಾಲೆಯವರೊಂದಿಗೆ ಕೂತು ಕೆಲವು ವಿಷಯ ಮಾತಾಡಿಕೊಂಡೆವು. ಸ್ಟಾಫ್‌ರೂಮ್ ಬೇಡ, ಅಲ್ಲಿ ಟೀ ಲೋಟದ ಸದ್ದು, ಫೋನು, ಹೋಗಿಬರುವವರು. ಗೋಡೆ ಗಡಿಯಾರ ಇರುವ ಒಂದು ಸಣ್ಣ ಕೋಣೆ ಸಾಕು. ಹಲಗೆಯ ಮೇಲೆ ಮುಗಿಯುವ ಹೊತ್ತನ್ನು ಮೊದಲೇ ಬರೆದಿಡಬೇಕು: 2.15. ಬೆಲ್ ಹೊಡೆದು ಉಳಿದವರೆಲ್ಲ ಗಲಾಟೆ ಮಾಡಿಕೊಂಡು ಹೊರಡುವಾಗ ಈ ಹುಡುಗನ ಕೈಕಾಲು ತಣ್ಣಗಾಗುತ್ತಿತ್ತು. ಹಲಗೆಯ ಮೇಲಿನ ಅಂಕಿ ಆ ಹೊತ್ತಿಗೆ ಬೇಕು. ಹುಡುಗ ಎಷ್ಟು ಸಲ ಕೇಳಿದರೂ ಮೇಲ್ವಿಚಾರಕರು ಪ್ರಶ್ನೆಯನ್ನು ಓದಿಸಲಿ, ಆದರೆ ಬಿಡಿಸಿ ವಿವರಿಸುವ ಹಾಗಿಲ್ಲ. "ಸಮಯ ಇದೆ" ಎನ್ನಬಹುದು. "ಇನ್ನೂ ಆಗ್ಲಿಲ್ವಾ" ಎನ್ನಬಾರದು, "ಇನ್ನೊಂದ್ಸಲ ನೋಡು" ಎಂದೂ ಅನ್ನಬಾರದು. ಹೆಡ್‌ಮಾಸ್ಟರು "ಅದರಲ್ಲೇನಿದೆ?" ಎಂದರು. ತಪ್ಪಿದ್ದಾಗ ಮಾತ್ರ 'ಇನ್ನೊಂದ್ಸಲ ನೋಡು' ಎನ್ನುತ್ತೇವಲ್ಲ, ಅದೂ ಕೆಮ್ಮೇ ಎಂದೆ. ರೇಖಾಗಣಿತದ ಚಿತ್ರಗಳನ್ನು ಕಿರಣನೇ ಬಿಡಿಸುತ್ತಾನೆ, ಅವನ ಕೈ ಅದಕ್ಕೆ ಚೆನ್ನಾಗಿದೆ. ಬರೆಯುವವರು ಬಂದ ಮಾತ್ರಕ್ಕೆ ಪೆನ್ಸಿಲನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

ತಾಯಿ ಒಂದೇ ಒಂದು ಮಾತು ಕೇಳಿದರು. "ಒಂದೂವರೆ ಬಸ್ಸು ತಪ್ಪಿದ್ರೆ ನಾಲ್ಕೂವರೆ ತಂಕ ಇಲ್ಲ ಮೇಡಂ. ಇಳಿದ ಮೇಲೆ ತೋಟದೊಳಗೆ ನಡೀಬೇಕು, ಆನೆ ಕಾಟ." ನಮ್ಮ ಕಾಯ್ದೆ, ಮಾರ್ಗಸೂಚಿ ಎಲ್ಲ ಒಂದು ಗಂಟೆ ಹೆಚ್ಚು ಕೊಡುತ್ತವೆ. ಆ ಗಂಟೆಗೆ ಬಸ್ಸಿಲ್ಲ! ಇಂಗ್ಲಿಷ್ ಪರೀಕ್ಷೆಯ ದಿನ ಹುಡುಗ ಪತ್ರಿಕೆಯನ್ನು ಮರುಮಾತಿಲ್ಲದೆ ಕೊಟ್ಟದ್ದರಲ್ಲಿ ಬಸ್ಸಿನ ಪಾಲೂ ಇತ್ತೆಂದು ಆಮೇಲೆ ತಿಳಿಯಿತು. ಆ ಕಡೆಯೇ ಮನೆಯಿರುವ ದೈಹಿಕ ಶಿಕ್ಷಕರು ಪರೀಕ್ಷೆಯ ದಿನಗಳಲ್ಲಿ ಬೈಕಿನಲ್ಲಿ ಬಿಡಲು ಒಪ್ಪಿದರು. ನನ್ನನ್ನು ಕೇಳಿದರೆ ಇಡೀ ಪ್ರಕರಣದಲ್ಲಿ ಆದ ಅತಿ ದೊಡ್ಡ ಉಪಕಾರ ಅದೇ.

ಇನ್ನು ಮನು. ಅವನ ಕಷ್ಟವನ್ನು ಯಾರೂ ಕೇಳಿರಲಿಲ್ಲ. "ತಪ್ಪು ಹೇಳಿದ್ರೂ ತಪ್ಪೇ ಬರೀಬೇಕಾ ಮಿಸ್? ಕೈ ಬರಲ್ಲ" ಎಂದ. ಗಣಿತ ಚೆನ್ನಾಗಿ ಬರುವ ಹುಡುಗ ಅವನು, ಒಂದು ತರಗತಿ ಕೆಳಗಿದ್ದರೂ ಕೆಲವು ಲೆಕ್ಕ ಹೊಳೆದುಬಿಡುತ್ತವೆ. ಇಬ್ಬರನ್ನೂ ಕೂರಿಸಿ ನಾಲ್ಕು ಭಾನುವಾರ ಅಭ್ಯಾಸ ಮಾಡಿಸಿದೆವು. ಹೇಳಿ ಬರೆಸುವುದೂ ಒಂದು ವಿದ್ಯೆ. ಬ್ರಾಕೆಟ್ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು, ಭಾಗಾಕಾರದ ಗೆರೆ ಎಲ್ಲಿಯವರೆಗೆ, ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಮೊದಲ ಭಾನುವಾರ ಒಂದು ಲೆಕ್ಕಕ್ಕೆ ಹದಿನೈದು ನಿಮಿಷ ಹಿಡಿಯಿತು, ನಡುವೆ ಜಗಳವೂ ಆಯಿತು. ಎರಡನೆಯದರಲ್ಲಿ ಕಿರಣ ಒಂದು ವಿಷಯ ಹಿಡಿದ. ಮನು ಕೆಮ್ಮುವುದಿಲ್ಲ, ಆದರೆ ಉತ್ತರ ತಪ್ಪಿದ್ದರೆ ಅವನ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಮನುಗೇ ಅದು ಗೊತ್ತಿರಲಿಲ್ಲ. ಸರಿಯಿದ್ದರೂ ತಪ್ಪಿದ್ದರೂ ಸಾಲು ಮುಗಿದ ಮೇಲೆ ಪೆನ್ನು ಎತ್ತಿ ಇಡು, ಬರೆದದ್ದನ್ನು ಒಮ್ಮೆ ಓದಿ ಹೇಳು ಎಂದು ಒಂದು ಪದ್ಧತಿ ಮಾಡಿಕೊಂಡೆವು. ಓದಿದ್ದನ್ನು ಕೇಳಿ ಕಿರಣನೇ ತನ್ನ ತಪ್ಪು ಹಿಡಿಯುವುದು ಶುರುವಾಯಿತು, ಎಲ್ಲವನ್ನೂ ಅಲ್ಲ. ಎರಡನೇ ಪೂರ್ವಸಿದ್ಧತೆಯಲ್ಲಿ ಗಣಿತಕ್ಕೆ 34 ಬಂತು. ಹೆಡ್‌ಮಾಸ್ಟರು ಗಾಬರಿಯಾಗಿ ನನಗೆ ಫೋನ್ ಮಾಡಿದರು. ಕಿರಣ ಅವತ್ತು ಎರಡು ಸಲ ಬಡಿಸಿಕೊಂಡು ಉಂಡ ಎಂದು ತಾಯಿ ಹೇಳಿದರು.

ಪಬ್ಲಿಕ್ ಪರೀಕ್ಷೆಯಲ್ಲಿ ಬಂದದ್ದು 80ಕ್ಕೆ 43. ಫಲಿತಾಂಶದ ಮಾರನೇ ದಿನ ಇಬ್ಬರು ಹುಡುಗರೂ ಜತೆಯಾಗಿ ಬಂದಿದ್ದರು, ಒಂದು ಚೀಲ ಕಿತ್ತಳೆ ಹಿಡಿದುಕೊಂಡು.

"ಒಂದು ಲೆಕ್ಕದಲ್ಲಿ ಇವ್ನು ತಪ್ಪು ಹೇಳ್ದ ಮಿಸ್" ಎಂದ ಮನು. "ನಂಗೊತ್ತಿತ್ತು. ಹೇಳ್ದಂಗೇ ಬರ್ದೆ."

ಕಿರಣ ಕಿತ್ತಳೆ ಸುಲಿಯುತ್ತಿದ್ದ. "ಸುಳ್ಳು. ಪೆನ್ನು ನಿಂತಿತ್ತು ಮೇಡಂ, ನಂಗೂ ಕಾಣ್ತು. ಆದ್ರೆ ಎಲ್ಲಿ ತಪ್ಪು ಅಂತ ಗೊತ್ತಾಗ್ಲಿಲ್ಲ. ಮುಂದಿನ್ ಲೆಕ್ಕ ಬರಿ ಅಂದೆ."