ಇಲಿಯ ಎಪಿಡಿಡಿಮಿಸ್‌ನಲ್ಲಿ ಫಾಸ್ಫಟೇಸ್ ಅಳತೆ ಒಂದೊಂದು ಸಲ ಒಂದೊಂದು ಥರ ಬರುವುದೇಕೆ?

ನಿಮ್ಮ ಪ್ರಶ್ನೆ ಇದು: ಶಿವಮೊಗ್ಗದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ವಿಸ್ಟಾರ್ (ಪ್ರಯೋಗಾಲಯದ ಬಿಳಿ ಇಲಿ ತಳಿ) ಗಂಡಿಲಿಗಳ ಎಪಿಡಿಡಿಮಿಸ್‌ನಲ್ಲಿ, ಅಂದರೆ ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಬಲಿಯುವ ಸುರುಳಿ ನಾಳದಲ್ಲಿ, ಆಸಿಡ್ ಮತ್ತು ಆಲ್ಕಲೈನ್ ಫಾಸ್ಫಟೇಸ್ (ಆಮ್ಲದಲ್ಲಿ ಮತ್ತು ಕ್ಷಾರದಲ್ಲಿ ಫಾಸ್ಫೇಟ್ ಬಿಡಿಸುವ ಕಿಣ್ವಗಳು) ಅಳೆಯುತ್ತಿದ್ದೀರಿ. ಕಂಟ್ರೋಲ್ ಗುಂಪಿನಲ್ಲೇ ಆಸಿಡ್ ಫಾಸ್ಫಟೇಸ್ ಎರಡು ಮೂರು ಪಟ್ಟು ಏರುಪೇರು, ಆಲ್ಕಲೈನ್ ಹೆಚ್ಚೂಕಡಿಮೆ ಸೊನ್ನೆ. ಹೋಮೋಜಿನೈಸ್ ಮಾಡಿದ್ದು (ಅಂಗಾಂಶವನ್ನು ನುಣ್ಣಗೆ ಅರೆದದ್ದು) ಇಡಿಟಿಎ ಎಂಬ ಲೋಹ ಹಿಡಿಯುವ ರಾಸಾಯನಿಕ ಹಾಕಿದ ಫಾಸ್ಫೇಟ್ ಬಫರಿನಲ್ಲಿ. ಇಲಿಗಳನ್ನು ದೂರುವ ಮೊದಲು ಟ್ಯೂಬಿನೊಳಗೆ ಏನಿದೆ ಎಂದು ನೋಡಿ.

ಆಲ್ಕಲೈನ್ ಸೊನ್ನೆಗೆ ಆ ಬಫರೇ ಕಾರಣ. ಈ ಕಿಣ್ವಕ್ಕೆ ಸತುವೂ ಮೆಗ್ನೀಸಿಯಮ್ಮೂ ಬೇಕು. ಇಡಿಟಿಎ ಅವೆರಡನ್ನೂ ಕಿತ್ತುಕೊಳ್ಳುತ್ತದೆ. ಫಾಸ್ಫೇಟ್ ಈ ಕ್ರಿಯೆಯಿಂದಲೇ ಹುಟ್ಟುವ ವಸ್ತುವಾದ್ದರಿಂದ, ಹೊರಗಿನಿಂದ ಸುರಿದರೆ ಎರಡೂ ಫಾಸ್ಫಟೇಸ್‌ಗಳನ್ನು ತಡೆಯುತ್ತದೆ. 0.25 ಮೋಲಾರ್ ಸುಕ್ರೋಸ್, 10 ಮಿಲಿಮೋಲಾರ್ ಟ್ರಿಸ್, ಪಿಎಚ್ 7.4 ಬಳಸಿ. ಆಲ್ಕಲೈನ್ ಅಳೆಯುವಾಗ ಗ್ಲೈಸಿನ್ ಬಫರ್ ಪಿಎಚ್ 10, ಜೊತೆಗೆ 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್.

ಆಸಿಡ್ ಫಾಸ್ಫಟೇಸ್‌ನ ಏರುಪೇರಿಗೆ ಮೊದಲ ಅನುಮಾನ ಡಿಸೆಕ್ಷನ್ ಮೇಲೆ. ಎಪಿಡಿಡಿಮಿಸ್ ಒಂದೇ ಅಂಗಾಂಶವಲ್ಲ. ಮೇಲ್ತುದಿಯ ಕ್ಯಾಪುಟ್, ನಡುವಿನ ತೆಳ್ಳನೆಯ ಕಾರ್ಪಸ್, ಕೆಳತುದಿಯ ಉಬ್ಬಿದ ಕಾಡಾ ಇವುಗಳ ಜೀವಕೋಶಗಳೂ ಕಿಣ್ವಗಳೂ ಬೇರೆ ಬೇರೆ. ಟೆಸ್ಟೋಸ್ಟಿರೋನನ್ನು ಡೈಹೈಡ್ರೋಟೆಸ್ಟೋಸ್ಟಿರೋನ್ ಮಾಡುವ 5-ಆಲ್ಫಾ ರಿಡಕ್ಟೇಸ್ ಕ್ಯಾಪುಟ್ ಕಡೆಗೇ ಹೆಚ್ಚು. ಕಾಡಾ ತುಂಬ ವೀರ್ಯಾಣುಗಳು. ಅವುಗಳ ತಲೆಯ ಟೋಪಿಯಂಥ ಆಕ್ರೋಸೋಮಿನಲ್ಲೂ ಆಸಿಡ್ ಫಾಸ್ಫಟೇಸ್ ಇದೆ. ಇಡೀ ಅಂಗವನ್ನು ಒಟ್ಟಿಗೆ ಅರೆದರೆ ಯಾವ ಇಲಿಯಲ್ಲಿ ಎಷ್ಟು ವೀರ್ಯಾಣು ತುಂಬಿತ್ತೋ ಅದಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ. ಕೊಬ್ಬು ಬಿಡಿಸಿ, ತಣ್ಣನೆಯ ಸಲೈನಿನಲ್ಲಿ ರಕ್ತ ತೊಳೆದು, ಮೂರು ಭಾಗವನ್ನೂ ಬೇರೆ ಬೇರೆ ತೂಗಿ. ಕಾಡಾವನ್ನು ಸಣ್ಣಗೆ ಕತ್ತರಿಸಿ ವೀರ್ಯಾಣುಗಳನ್ನು ಸಲೈನಿಗೆ ಬಿಟ್ಟು, ಅಂಗಾಂಶವನ್ನು ಪ್ರತ್ಯೇಕ ಅಳೆಯಿರಿ. ಫಲಿತಾಂಶವನ್ನು ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಮಾತ್ರವಲ್ಲ, ಇಡೀ ಭಾಗಕ್ಕೂ ಲೆಕ್ಕ ಹಾಕಿ. ವೃಷಣ ತೆಗೆದ ಇಲಿಯಲ್ಲಿ ವೀರ್ಯಾಣುಗಳೂ ದ್ರವವೂ ಬರಿದಾಗಿ ಛೇದವೇ (ಭಾಗಿಸುವ ಪ್ರೋಟೀನ್ ಪ್ರಮಾಣವೇ) ಬದಲಾಗುವುದರಿಂದ, ಕಿಣ್ವ ಹೆಚ್ಚಾದಂತೆ ಕಂಡರೂ ನಿಜವಾಗಿ ಹೆಚ್ಚಾಗಿರಲಿಕ್ಕಿಲ್ಲ.

ಎರಡನೆಯ ಅನುಮಾನ ಲೈಸೋಸೋಮ್, ಜೀವಕೋಶದೊಳಗಿನ ಕಿಣ್ವ ತುಂಬಿದ ಚೀಲ. ಇಲ್ಲಿನ ಆಸಿಡ್ ಫಾಸ್ಫಟೇಸ್‌ನ ಬಹುಪಾಲು ಅದರ ಪೊರೆಯೊಳಗೆ ಅಡಗಿರುತ್ತದೆ, ಸಬ್‌ಸ್ಟ್ರೇಟ್ (ಕಿಣ್ವ ಒಡೆಯಬೇಕಾದ ವಸ್ತು) ಅದನ್ನು ಮುಟ್ಟುವುದಿಲ್ಲ. ಪೊರೆ ಕರಗಿಸುವ ಮಾರ್ಜಕ ಟ್ರೈಟಾನ್ ಎಕ್ಸ್-100 ಅನ್ನು ಶೇ. 0.1 ಹಾಕಿದರೆ ಎಲ್ಲವೂ ಹೊರಬರುತ್ತದೆ. ಟ್ರೈಟಾನ್ ಇಲ್ಲದೆ ಅಳೆದರೆ, ಹೆಚ್ಚು ಸಲ ಹೆಪ್ಪುಗಟ್ಟಿ ಕರಗಿದ ಮಾದರಿಯೇ ಹೆಚ್ಚು ಚಟುವಟಿಕೆ ತೋರಿಸುತ್ತದೆ, ಪೊರೆ ಒಡೆದಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರೀಜರ್ ಕರಗುವುದು ಮಾಮೂಲು, ಹಾಗಾಗಿ ಇದನ್ನು ಖಂಡಿತ ಗಮನಿಸಿ. ಸಣ್ಣ ಸಣ್ಣ ಪಾಲು ಮಾಡಿಡಿ, ಒಂದನ್ನು ಒಮ್ಮೆ ಮಾತ್ರ ಕರಗಿಸಿ. ಟ್ರೈಟಾನ್ ಇದ್ದರೆ ಪ್ರೋಟೀನ್ ಅಳೆಯುವ ಲೋರಿ ವಿಧಾನದಲ್ಲಿ ಗಸಿ ಬರುತ್ತದೆ. ಪ್ರೋಟೀನಿಗೆ ಬಿಸಿಎ ವಿಧಾನ ಸೂಕ್ತ.

ಅಳತೆ ಹೀಗೆ: 0.1 ಮೋಲಾರ್ ಸಿಟ್ರೇಟ್ ಬಫರ್ (ಪಿಎಚ್ 4.8) 0.5 ಮಿ.ಲೀ., 10 ಮಿಲಿಮೋಲಾರ್ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್ (ಒಡೆದಾಗ ಹಳದಿ ಬಣ್ಣ ಕೊಡುವ ಸಬ್‌ಸ್ಟ್ರೇಟ್) 0.4 ಮಿ.ಲೀ., ಎರಡನ್ನೂ 37 ಡಿಗ್ರಿಗೆ ತಂದ ಮೇಲೆ ಶೇ. 10ರ ಹೋಮೋಜಿನೇಟ್ 0.1 ಮಿ.ಲೀ. 30 ನಿಮಿಷದ ನಂತರ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 2 ಮಿ.ಲೀ. ಹಾಕಿ 405 ನ್ಯಾನೋಮೀಟರಿನಲ್ಲಿ ಓದಿ. ಮೋಲಾರ್ ಗುಣಾಂಕ (ಹಳದಿ ವಸ್ತು ಬೆಳಕು ಹೀರುವ ಪ್ರಮಾಣ) ಸುಮಾರು 18,000 ಎಂದಿಟ್ಟುಕೊಂಡರೆ, 0.6 ಓದು ಎಂದರೆ 3 ಮಿ.ಲೀ.ನಲ್ಲಿ 0.1 ಮೈಕ್ರೋಮೋಲ್. ಪ್ರತಿ ಮಾದರಿಗೂ ಅದರದೇ ಬ್ಲಾಂಕ್ (ಕಿಣ್ವದ ಕ್ರಿಯೆ ನಡೆಯದ, ಕಳೆಯಬೇಕಾದ ಓದಿನ ಟ್ಯೂಬ್) ಬೇಕು: ಹೈಡ್ರಾಕ್ಸೈಡ್ ಹಾಕಿದ ಮೇಲೆ ಹೋಮೋಜಿನೇಟ್ ಸೇರಿಸಿದ್ದು. ಉಳಿದ ರಕ್ತದ ಹಿಮೋಗ್ಲೋಬಿನ್ ಕೂಡ 405ರ ಆಸುಪಾಸಿನಲ್ಲೇ ಬೆಳಕು ಹೀರುತ್ತದೆ, ಸಾಮಾನ್ಯ ಬ್ಲಾಂಕ್ ಅದನ್ನು ಕಳೆಯಲಾರದು. 10, 20, 30 ನಿಮಿಷಕ್ಕೆ ಅಳೆದು ಗೆರೆ ನೇರ ಇದೆಯೇ ನೋಡಿ. ಬಾಗಿದ್ದರೆ ಮಾದರಿ ತೆಳುಮಾಡಿ.

ಸಬ್‌ಸ್ಟ್ರೇಟ್ ಬಾಟಲಿಯನ್ನು ಫ್ರೀಜರಿನಿಂದ ತೆಗೆದ ಕೂಡಲೇ ತೆರೆಯಬೇಡಿ. ಜುಲೈ ತಿಂಗಳ ತೇವದಲ್ಲಿ ತಣ್ಣನೆಯ ಪುಡಿಯ ಮೇಲೆ ನೀರು ಕೂರುತ್ತದೆ, ಆಗ ಪುಡಿ ನಿಧಾನಕ್ಕೆ ತಾನೇ ಒಡೆದು ಹಳದಿಯಾಗುತ್ತದೆ. ಬಾಟಲಿ ಕೋಣೆಯ ಬಿಸಿಗೆ ಬಂದ ಮೇಲೇ ಮುಚ್ಚಳ ತೆಗೆಯಿರಿ.

ಮುಂದೆ ಸೆಮಿನಲ್ ವೆಸಿಕಲ್‌ಗೂ (ವೀರ್ಯದ ದ್ರವ ಸ್ರವಿಸುವ ಗ್ರಂಥಿಗೂ) ಕೈಹಾಕುವುದಾದರೆ, ಅದಕ್ಕೆ ಅಂಟಿಕೊಂಡಿರುವ ಕೋಆಗ್ಯುಲೇಟಿಂಗ್ ಗ್ರಂಥಿಯನ್ನು ಮೊದಲೇ ಬಿಡಿಸಿ. ಆ ಗ್ರಂಥಿಯ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ವೆಸಿಕಲ್ ಸ್ರಾವಕ್ಕೆ ತಾಗಿದರೆ ಟ್ಯೂಬಿನಲ್ಲೇ ಗಟ್ಟಿ ಮುದ್ದೆಯಾಗುತ್ತದೆ. ಇಲಿಗಳಲ್ಲಿ ಕೂಡಿದ ಮೇಲೆ ಹೆಣ್ಣಿನ ಯೋನಿಯಲ್ಲಿ ಬೆಣೆ ಕಟ್ಟಿಸುವುದು ಇದೇ ಕಿಣ್ವ.

ಅಡಿಕೆ ತೋಟದಲ್ಲಿ ಹಿಡಿದ ಇಲಿಗಳನ್ನೂ ಸೇರಿಸಲೇ ಎಂದು ಕೇಳಿದ್ದೀರಿ. ಬೇಡ. ಅವುಗಳ ವಯಸ್ಸು, ಆಹಾರ ತಿಳಿಯದು, ವಿಸ್ಟಾರ್ ಜೊತೆ ಹೋಲಿಕೆಯೂ ಆಗದು. ಇಲಿಜ್ವರದ ಅಪಾಯ ಬೇರೆ. ಮಂಗನ ಕಾಯಿಲೆ 1957ರಲ್ಲಿ ಕಾಣಿಸಿಕೊಂಡ ಕ್ಯಾಸನೂರು ಕಾಡು ಇದೇ ಜಿಲ್ಲೆಯದು. ಕಾಡಂಚಿನ ಇಲಿಗಳ ಮೈಮೇಲೆ ಆ ರೋಗ ಹರಡುವ ಉಣ್ಣೆಗಳಿರಬಹುದು. ಪ್ರಾಜೆಕ್ಟ್‌ಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಿದ, ಪ್ರಯೋಗಕ್ಕೆಂದೇ ಸಾಕಿದ, ಸುಮಾರು 90 ದಿನ ವಯಸ್ಸಿನ ಇಲಿಗಳೇ ಇರಲಿ.