ನಿಮ್ಮ ಸಾಲ್ಮನ್ ಲೇಖನ ವಾಪಸ್ ಕಳಿಸ್ತಿದೀನಿ, ಯಾಕೆ ಅಂದ್ರೆ

ನಮಸ್ಕಾರ,

ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೂಲನಿವಾಸಿ ನಿಸ್ಕ್ವಾಲಿ ಜನ, ಅವರ ಮೀನು ಹಿಡಿಯೋ ಹಕ್ಕು, ಇದರ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು, ಎರಡನೇ ಸಲ ಅಯ್ಯೋ ಇಷ್ಟು ಒಳ್ಳೆ ಸರಕು ಕೈಯಲ್ಲಿಟ್ಕೊಂಡು ಹಿಂಗ್ಯಾಕೆ ಮಾಡಿದ್ರು ಅನ್ನಿಸ್ತು. ಈಗಿರೋ ಹಾಗೆ ಹಾಕಕ್ಕಾಗಲ್ಲ. ಬೇಜಾರಾದ್ರೆ ಇದನ್ನ ಒಂದಿನ ಬಿಟ್ಟು ಓದಿ.

ತಪ್ಪಿರೋದು ಒಂದು ಕ್ರಿಯಾಪದದಲ್ಲಿ. ಐದು ಕಡೆ ಬರೆದಿದೀರ, 'ಅಮೆರಿಕ ಸರ್ಕಾರ ಅವರಿಗೆ ಮೀನು ಹಿಡಿಯುವ ಹಕ್ಕನ್ನು ಕೊಟ್ಟಿತು' ಅಂತ. ಯಾರು ಯಾರಿಗೆ ಕೊಟ್ಟಿದ್ದು ಸ್ವಾಮಿ? ನಮ್ಮ ಕಡೆ ತೋಟ ಮಾರೋವಾಗ ಕ್ರಯಪತ್ರದಲ್ಲಿ 'ಬಾವಿ ನೀರು ಸೇದೋ ಹಕ್ಕು, ಬಂಡಿ ದಾರಿ ಹಕ್ಕು ನನಗಿರತಕ್ಕದ್ದು' ಅಂತ ಬರೆಸ್ಕೊಳ್ತಾರಲ್ಲ, ಆಮೇಲೆ ತೋಟ ತಗೊಂಡವನು ಬಂದು 'ಪಾಪ ಅಂತ ಇವನಿಗೆ ನೀರು ಕೊಟ್ಟಿದೀನಿ' ಅಂದ್ರೆ ಹೆಂಗಿರುತ್ತೆ? ನಿಮ್ಮ ಲೇಖನ ಆ ತೋಟ ತಗೊಂಡವನ ಬಾಯಲ್ಲಿ ಮಾತಾಡ್ತಿದೆ. 1854ರ ಡಿಸೆಂಬರ್ 26ಕ್ಕೆ ಮೆಡಿಸಿನ್ ಕ್ರೀಕ್‌ನಲ್ಲಿ ನಿಸ್ಕ್ವಾಲಿ ಮುಂತಾದ ಜನರಿಗೂ ಅಮೆರಿಕದ ಪರವಾಗಿ ಬಂದ ಗವರ್ನರ್ ಐಸಾಕ್ ಸ್ಟೀವನ್ಸ್‌ಗೂ ನಡುವೆ ಆದ ಕರಾರು ಇದೇ ಥರದ್ದು. 20 ಲಕ್ಷ ಎಕರೆಗೂ ಮೇಲೆ ನೆಲ ಹೋಯ್ತು, ಬದಲಿಗೆ ಬರೆದಿದ್ದು 32,500 ಡಾಲರ್, ಅದೂ ಕಂತಿನಲ್ಲಿ, ಮಾತುಕತೆ ನಡೆದಿದ್ದು ಕೆಲವು ನೂರು ಪದ ಇರೋ ಚಿನೂಕ್ ಜಾರ್ಗನ್ ಅನ್ನೋ ವ್ಯಾಪಾರದ ಬೆರಕೆ ಭಾಷೇಲಿ. ಇಷ್ಟೆಲ್ಲ ಮೋಸದ ನಡುವೇನೂ ಅವರು ಬಿಡದೆ ಇಟ್ಕೊಂಡಿದ್ದು, ತಲೆತಲಾಂತರದಿಂದ ಮೀನು ಹಿಡೀತಿದ್ದ ಜಾಗಗಳಲ್ಲಿ ಮುಂದೇನೂ ಹಿಡಿಯೋದು. 1905ರಲ್ಲಿ ಯಾಕಮಾ ಜನರ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ, ಕರಾರಿನಲ್ಲಿ ಹಕ್ಕು ಬಿಟ್ಟುಕೊಟ್ಟವರು ಇಂಡಿಯನ್ನರು, ಅವರು ಬಿಟ್ಟುಕೊಡದ್ದೆಲ್ಲ ಅವರದ್ದಾಗೇ ಉಳೀತು ಅಂತ. ಆ ಐದೂ ಕಡೆ 'ಕೊಟ್ಟಿತು' ತೆಗೆದು 'ಉಳಿಸಿಕೊಂಡರು' ಅಂತ ಹಾಕಿ ಓದಿ ನೋಡಿ, ನಿಮ್ಮ ಅರ್ಧ ಪ್ಯಾರಾಗಳು ತಾವಾಗೇ ಕುಸಿದು ಬೀಳ್ತವೆ.

ಇದಕ್ಕೆ ಅಂಟಿಕೊಂಡಿರೋ ಇನ್ನೊಂದು. 'ರಿಸರ್ವೇಶನ್', ಅಂದ್ರೆ ಆ ಜನ ತಮಗಾಗಿ ಇಟ್ಕೊಂಡ ನೆಲ, ಅನ್ನೋದನ್ನ ಒಂದು ಕಡೆ 'ಮೀಸಲಾತಿ' ಅಂತ ಮಾಡಿದೀರ! ಕನ್ನಡದ ಓದುಗ ತಕ್ಷಣ ಸೀಟು, ಕೋಟಾ, ಕೆಪಿಎಸ್‌ಸಿ ಅಂತ ಹೋಗಿಬಿಡ್ತಾನೆ. ಬೇಕಾದ ಪದ ಅದರ ಪಕ್ಕದಲ್ಲೇ ಇದೆ, 'ಮೀಸಲು'. ದೇವರಿಗೆ ಮೀಸಲು ತೆಗೆದಿಡ್ತೀವಲ್ಲ, ಬೇರೆಯವರು ಮುಟ್ಟೋ ಮುಂಚೆನೇ ತೆಗೆದಿಡೋದು. ಇಲ್ಲಿ ಮೀಸಲು ತೆಗೆದಿಟ್ಟವರು ಅವರೇ ಅನ್ನೋದು ಓದುಗನಿಗೆ ಗೊತ್ತಾಗ್ಬೇಕು. ಮತ್ತೆ ಈ ಮೀನಿನ ಹಕ್ಕು ಮೀಸಲು ನೆಲದ ಬೇಲಿ ಒಳಗಿಂದು ಮಾತ್ರ ಅಲ್ಲ, ಬೇಲಿ ಆಚೆಗಿನ ನದೀಲೂ ಇದೆ, ಜಗಳ ಎಲ್ಲ ಹುಟ್ಟಿದ್ದೇ ಅಲ್ಲಿ, ನೀವು ಅದನ್ನ ಹೇಳೇ ಇಲ್ಲ.

'ರೆಡ್ ಇಂಡಿಯನ್' ಎಲ್ಲ ಕಡೆ ತೆಗೀರಿ, ನಿಸ್ಕ್ವಾಲಿ, ಪುಯಾಲಪ್, ಮಕಾ ಅಂತ ಅವರವರ ಹೆಸರು ಹಾಕಿ.

ಹಾಲಿವುಡ್ ನಟ ಮಾರ್ಲನ್ ಬ್ರಾಂಡೋಗೆ ಎರಡು ಪ್ಯಾರಾ, ನಿಸ್ಕ್ವಾಲಿ ಮೀನುಗಾರ ಬಿಲ್ಲಿ ಫ್ರ್ಯಾಂಕ್ ಜೂನಿಯರ್‌ಗೆ ಒಂದು ಸಾಲು! ಬ್ರಾಂಡೋ 1964ರಲ್ಲಿ ಒಂದಿನ ಬಂದು ಪುಯಾಲಪ್ ನದೀಲಿ ದೋಣಿ ಹತ್ತಿ ಅರೆಸ್ಟ್ ಆದ, ಕೇಸೂ ಹಾಕ್ಲಿಲ್ಲ, ಹೋದ. ಬಿಲ್ಲಿ ಮೊದಲು ಅರೆಸ್ಟ್ ಆಗಿದ್ದು 1945ರಲ್ಲಿ, ಆಗ ಹದಿನಾಲ್ಕು ವರ್ಷದ ಹುಡುಗ, ಬಲೆ ಹಾಕಿದ್ದು ತನ್ನ ಜನರ ನದಿಗೇನೇ, ಆಮೇಲೆ ಐವತ್ತು ಸಲಕ್ಕೂ ಮೇಲೆ ಹಿಡಿದು ಒಯ್ದಿದ್ದಾರೆ. ಒಬ್ಬ ಮನುಷ್ಯ ಒಂದೇ ಕೆಲಸವನ್ನ ಐವತ್ತು ಸಲ ಜೈಲಿಗೆ ಹೋಗಿ ಬಂದು ಮತ್ತೆ ಮಾಡ್ತಾನೆ ಅಂದ್ರೆ ಕಥೆ ಎಲ್ಲಿದೆ ಅಂತ ನಾನು ಹೇಳ್ಬೇಕಾ?

1974ರ ಫೆಬ್ರವರಿ 12ರ ತೀರ್ಪನ್ನ 'ಐತಿಹಾಸಿಕ' ಅಂತ ಹೇಳಿ ದಾಟಿಬಿಟ್ಟಿದೀರ, ನಾನಾಗಿದ್ರೆ ಅಲ್ಲೇ ಕೂತ್ಕೊಳ್ತಿದ್ದೆ. ಕರಾರಿನಲ್ಲಿ 'ಎಲ್ಲ ನಾಗರಿಕರ ಜೊತೆಗೂಡಿ' (in common with) ಅನ್ನೋ ಅರ್ಥದ ಮಾತಿದೆ. ರಾಜ್ಯ ಸರ್ಕಾರ ಅದನ್ನ 'ಎಲ್ಲರ ಹಾಗೆ ನೀವೂ ಲೈಸೆನ್ಸ್ ತಗೊಂಡು ಸಾಲಲ್ಲಿ ನಿಲ್ಲಿ' ಅಂತ ಓದ್ತು. ಫೆಡರಲ್ ಕೋರ್ಟಿನ ಜಡ್ಜ್ ಜಾರ್ಜ್ ಬೋಲ್ಟ್ ಆ ಕಾಲದ ಅರ್ಥ ಹುಡುಕಿ 'ಹಂಚ್ಕೊಳ್ಳೋದು' ಅಂತ ಓದಿದ್ರು, ಅಂದ್ರೆ ಹಿಡಿಯಬಹುದಾದ ಮೀನಲ್ಲಿ ಶೇ. 50ರವರೆಗೆ ಟ್ರೈಬ್‌ಗಳ ಪಾಲು. ಅಲ್ಲಿವರೆಗೆ ಅವರಿಗೆ ಸಿಗ್ತಿದ್ದಿದ್ದು ಶೇ. 5ರ ಆಸುಪಾಸು. ಬಿಳಿ ಮೀನುಗಾರರು ಜಡ್ಜ್ ಪ್ರತಿಕೃತಿಗೆ ನೇಣು ಹಾಕಿದ್ರು, 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಪನ್ನ ಎತ್ತಿಹಿಡೀತು. ಒಂದು ಪದದ ಅರ್ಥಕ್ಕೆ ನೂರಿಪ್ಪತ್ತು ವರ್ಷ ಜಗಳ, ಬರೆಯೋರಿಗೆ ಇದಕ್ಕಿಂತ ಏನು ಬೇಕು ಹೇಳಿ.

ಕೊನೇಲಿ 'ಈಗ ಸರ್ಕಾರ ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ' ಅಂದಿದೀರ, ಅದೇ ಪುಟದಲ್ಲಿ 'ಅವರದು ಸ್ವತಂತ್ರ ದೇಶ' ಅಂತಾನೂ ಇದೆ. ಎರಡೂ ಅಲ್ಲ. 1831ರಲ್ಲಿ ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಇಂಥ ಟ್ರೈಬ್‌ಗಳನ್ನ ದೇಶದೊಳಗಿನ ಅವಲಂಬಿತ ರಾಷ್ಟ್ರಗಳು ಅಂತ ಕರೆದ್ರು, ಆ ಇಕ್ಕಟ್ಟು ಇವತ್ತಿಗೂ ಇದೆ. ಸಂವಿಧಾನದ ಪ್ರಕಾರ ಕರಾರು ದೇಶದ ಪರಮೋಚ್ಚ ಕಾನೂನು, ಆದ್ರೆ 1903ರ ಇನ್ನೊಂದು ತೀರ್ಪಿನ ಪ್ರಕಾರ ಸಂಸತ್ತು ಮನಸ್ಸು ಮಾಡಿದ್ರೆ ಏಕಪಕ್ಷೀಯವಾಗಿ ಅದನ್ನ ಮುರೀಬಹುದು. ಈ ಇಕ್ಕಟ್ಟಲ್ಲೇ ಅವರು ತಮ್ಮ ಕೋರ್ಟು ನಡೆಸ್ತಾರೆ, ಮೀನುಮರಿ ಸಾಕ್ತಾರೆ, ತಮ್ಮ ಮೀನುಗಾರರು ತಪ್ಪು ಮಾಡಿದ್ರೆ ತಾವೇ ದಂಡ ಹಾಕ್ತಾರೆ, ಪ್ರತಿ ವರ್ಷ ಯಾವಾಗ ಬಲೆ ಬೀಸ್ಬೇಕು ಅಂತ ರಾಜ್ಯದ ಜೊತೆ ಸಮಸಮ ಕೂತು ತೀರ್ಮಾನಿಸ್ತಾರೆ. ಮೋರಿ ಕೇಸ್ ಗೊತ್ತಾ? ಹೈವೇ ಕೆಳಗಿನ ಮೋರಿಗಳಿಂದ ಸಾಲ್ಮನ್ ಮೇಲಕ್ಕೆ ಈಜಕ್ಕಾಗ್ತಿರ್ಲಿಲ್ಲ, ಬಾವಿ ನೀರು ನಿಂದೇ ಅಂತ ಹೇಳಿ ಬಾವಿಗೆ ಕಲ್ಲು ತುಂಬಿದ ಹಾಗೆ. ಟ್ರೈಬ್‌ಗಳು ಕೋರ್ಟಿಗೆ ಹೋದ್ರು, 2018ರಲ್ಲಿ ಸುಪ್ರೀಂ ಕೋರ್ಟಿನ ಜಡ್ಜ್‌ಗಳು 4-4 ಸಮ ಆಗಿ ಕೆಳಗಿನ ಕೋರ್ಟಿನ ಆದೇಶ ಉಳೀತು, ರಾಜ್ಯ ಆ ಮೋರಿಗಳನ್ನ ಬದಲಾಯಿಸಲೇಬೇಕಾಯ್ತು.

ನಾಗರಹೊಳೆಯ ಜೇನುಕುರುಬರ ಬಗ್ಗೆ ಇರೋ ಮೂರು ಸಾಲು ತೆಗೀರಿ. ಅಲ್ಲಿ ಎರಡು ಕಡೆಯವರು ರುಜು ಹಾಕಿದ ಕರಾರು ಅನ್ನೋದೇ ಇಲ್ಲ, 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ ಬೇರೆ. ಅದು ಬೇಕಿದ್ರೆ ಬೇರೆ ಲೇಖನ ಬರೀರಿ.

ಇನ್ನು ಚೆನ್ನಾಗಿರೋದು. ಏಳನೇ ಪುಟದಲ್ಲಿ ರಸ್ತೆ ಬದಿ ಐಸ್ ಬಾಕ್ಸ್ ಇಟ್ಕೊಂಡು ಸಾಲ್ಮನ್ ಮಾರ್ತಿದ್ದ ಅಜ್ಜಿ ಹತ್ರ ನೀವು ಚೌಕಾಸಿ ಮಾಡಿದ್ದು, ಆಕೆ ನಕ್ಕು 'ಇದು ನಮ್ಮ ಮೀನು' ಅಂದಿದ್ದು. ಲೇಖನ ಅಲ್ಲಿಂದ ಶುರುವಾಗ್ಲಿ, ಮೊದಲಿನ ಆರು ಪುಟ ಮರೆತುಬಿಡಿ. ಸಾವಿರದಿನ್ನೂರು ಪದ ಸಾಕು, ತಿಂಗಳೊಳಗೆ ಕಳಿಸಿ, ನಾನೇ ಓದ್ತೀನಿ.

ಹಾಂ, ಕೊನೆಗೆ ಆ ಮೀನು ಎಷ್ಟಕ್ಕೆ ಕೊಟ್ರು ಅಂತ ಬರೆದಿಲ್ಲ ನೀವು, ಅದನ್ನೂ ಹಾಕಿ.